ಓಬಯ್ಯನ ಹತ್ತು ಸಾವಿರ ಗಂಟೆ

ಎರಡನೇ ಬುಟ್ಟಿ ಸಗಣಿಯನ್ನು ತೊಟ್ಟಿಗೆ ಸುರಿದು, ಎರಡು ಬಿಂದಿಗೆ ನೀರು ಹೊಯ್ದು, ಏಕಾಂತಮ್ಮ ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದಳು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಅವಳ ಗಂಡ ಓಬಯ್ಯನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಬಿಳಿ ಬಟ್ಟೆ ಕಟ್ಟುತ್ತಿದ್ದರು.

"ಅಯ್ಯೋ ನಮ್ಮವ್ವ, ಇದೇನೇ ಇದು!" ಪಕ್ಕದ ಮನೆಯ ನಾಗಕ್ಕ ಹಿತ್ತಲ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಹಿಡಿದಳು. "ಗಂಡನ ಮೈ ಇನ್ನೂ ತಣ್ಣಗಾಗಿಲ್ಲ, ನೀನು ಸಗಣಿ ಕಲಸ್ತಾ ಕುಂತೀಯಲ್ಲೇ. ಜನ ಏನಂದಾರು?"

"ಅಂದ್ಕಳ್ಳಿ ಬಿಡು ನಾಗಕ್ಕ. ಗ್ಯಾಸಿನ ಡ್ರಮ್ಮು ಇಳಿದೈತೆ. ಬೆಳಗ್ಗಿಂದು ಹಾಕಿ ತಿರುವದಿದ್ರೆ ಸಂಜಿ ಹೊತ್ತಿಗೆ ಒಳಗಿನ ಉರಿ ಆರ್ತತೆ."

"ಆರಿದ್ರೆ ಆರ್ಲಿ. ಮನೆ ದೀಪಾನೇ ಆರಿ ಹೋಗೈತೆ."

ಏಕಾಂತಮ್ಮ ಇನ್ನಷ್ಟು ಆಳಕ್ಕೆ ಕೈ ಇಳಿಸಿ ಕಲಸಿದಳು. ಬಾಯಿ ತೆರೆದರೆ ಅಳು ಹೊರಗೆ ಬರುತ್ತಿತ್ತು, ಕೈಕೆಲಸ ನಿಲ್ಲುತ್ತಿತ್ತು. ನಾಗಕ್ಕ ಇನ್ನೂ ಎರಡು ಮಾತು ಬೈಯುವವಳಿದ್ದಳು, ಆದರೆ ಅವಳ ಮುಖ ನೋಡಿ ಸುಮ್ಮನೆ ಮೂರನೇ ಬಿಂದಿಗೆ ತಂದು ತೊಟ್ಟಿಗೆ ಬಗ್ಗಿಸಿದಳು.

ಹಿತ್ತಲಿನ ತಗಡಿನ ಕೋಣೆಯಲ್ಲಿ ಯಂತ್ರ ಗುಂಯ್ ಎನ್ನುತ್ತಿತ್ತು. ಬೀರುವಿನಷ್ಟು ಎತ್ತರ, ನೋಡಲಿಕ್ಕೆ ಏನೂ ಚಂದವಿಲ್ಲ. ತೊಟ್ಟಿಯ ಮೇಲೆ ತೇಲುವ ಡ್ರಮ್ಮಿನಲ್ಲಿ ತುಂಬುವ ಗೋಬರ್ ಗ್ಯಾಸು ಅದರೊಳಗೆ ಹೋಗಿ, ಕೆಳಗಿನ ಉರಿಗೆ ಕೆಂಪಗೆ ಕಾದ ಒಂದು ನಳಿಗೆಯಲ್ಲಿ ನೀರಿನ ಹಬೆಯ ಜೊತೆ ಹಾದು ಹೈಡ್ರೋಜನ್ ಆಗುತ್ತಿತ್ತು. ಆ ಹೈಡ್ರೋಜನ್ನಿನಿಂದ ಪಕ್ಕದ ಪೆಟ್ಟಿಗೆ, ಅಂದರೆ ಫ್ಯೂಯಲ್ ಸೆಲ್, ಮನೆಗೆ ಕರೆಂಟು ಮಾಡುತ್ತಿತ್ತು. ನಳಿಗೆಯ ತುಂಬ ಹುರುಳಿಯಂಥ ಕರಿ ಉಂಡೆಗಳು. ದಾವಣಗೆರೆಯಿಂದ ಬರುವ ಇಂಜಿನಿಯರ್ ಅನುಪಮಾ ಅದನ್ನು ಕ್ರಿಯಾವರ್ಧಕ ಎಂದಳು, ಓಬಯ್ಯ ಕಾಳು ಎಂದ. ಕೊನೆಗೆ ಅವಳೂ ಕಾಳು ಎನ್ನತೊಡಗಿದಳು. ಅದು ಗ್ಯಾಸನ್ನು ಬಿಡಿಸುತ್ತದೆ, ಕೂಡಿಸುತ್ತದೆ, ತಾನು ಮಾತ್ರ ಸವೆಯದೆ ಇದ್ದ ಹಾಗೇ ಇರುತ್ತದೆ ಎಂದು ಅವಳು ವಿವರಿಸಿದ ದಿನ ಓಬಯ್ಯ, "ಹಂಗಾರೆ ನಮ್ಮ ನಾಗಕ್ಕ ಇದ್ದಂಗೆ ಅನ್ರಿ. ಊರಾಗೆ ಐವತ್ತು ಮದುವೆ ಕೂಡ್ಸಿದಾಳೆ, ತಾನು ಮಾತ್ರ ಇದ್ದಂಗೇ ಅದಾಳೆ" ಎಂದಿದ್ದ. ನಾಗಕ್ಕ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಕಾಳಿಗೆ ಎರಡು ಶತ್ರು. ಒಂದು, ಗ್ಯಾಸಿನಲ್ಲಿರುವ ಗಂಧಕ. ಅದನ್ನು ಹಿಡಿಯಲು ನಡುವೆ ಕಬ್ಬಿಣದ ತುಕ್ಕು ತುಂಬಿದ ಡಬ್ಬಿ. ಚಿಕ್ಕಜಾಜೂರು ರೈಲ್ವೆ ಪಂಪ್‌ಹೌಸಿನಲ್ಲಿ ಮೂವತ್ತಾರು ವರ್ಷ ತುಕ್ಕು ಕೆರೆದು ನಿವೃತ್ತನಾದ ಓಬಯ್ಯ, ತುಕ್ಕೇ ಬೇಕು ಎನ್ನುವ ಯಂತ್ರವನ್ನು ಕಂಡು ಹಿಗ್ಗಿಹೋಗಿದ್ದ. ಇನ್ನೊಂದು ಶತ್ರು, ಉರಿ ತಟಕ್ಕನೆ ಆರುವುದು. ಬಿಸಿ ನಳಿಗೆಗೆ ಗಾಳಿ ನುಗ್ಗಿದರೆ ಕಾಳು ಸತ್ತ ಹಾಗೆಯೇ.

ಒಂದೇ ನಳಿಗೆಯ ಮೇಲೆ ಹತ್ತು ಸಾವಿರ ಗಂಟೆ ಯಂತ್ರ ನಡೆಯಬೇಕು, ಅದೂ ಮನೆಯವರ ಕೈಯಲ್ಲೇ. ಇಂಜಿನಿಯರುಗಳು ಬಂದು ನಡೆಸಿದರೆ ಅದು ಪರೀಕ್ಷೆಯಲ್ಲ ಎಂಬುದು ಯಂತ್ರ ಕೊಟ್ಟ ಅನುಪಮಾಳ ಸಂಸ್ಥೆಯ ಕಟ್ಟುನಿಟ್ಟು. ನಡೆದರೆ ಇಂಥ ಯಂತ್ರ ಇನ್ನೂ ಇಪ್ಪತ್ತು ಮನೆಗೆ ಬರುತ್ತದೆ. ಇಲ್ಲದಿದ್ದರೆ ಇದನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಗಂಟೆ ಎಣಿಸುವ ಮೂಲ ಪೆಟ್ಟಿಗೆ ಮೊದಲ ಮಳೆಗಾಲದಲ್ಲೇ ಸಿಡಿಲಿಗೆ ಸುಟ್ಟಿತ್ತು. ಓಬಯ್ಯ ಪಂಪ್‌ಹೌಸಿನ ಗುಜರಿಯಿಂದ ನಾಲ್ಕು ಅಂಕಿಯ ಹಳೇ ಮೀಟರು ತಂದು ಕೂರಿಸಿದ್ದ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆಯುವುದು, ಕೊನೆಯ ಷರಾ ಕಾಲಮ್ಮಿನಲ್ಲಿ "ಸರಿ ಐತೆ" ಎಂದು ಹಾಕುವುದು ಅವನ ವ್ರತ. ನೋಡದೆ ಒಂದು ಅಂಕಿಯನ್ನೂ ಬರೆದವನಲ್ಲ.

ಈ ದಿನ ಬೆಳಗಿನ ಜಾವ ಅವನು ಮಂಚದ ಮೇಲೆ ಎದ್ದು ಕೂತು, ಎದೆ ಒತ್ತಿಕೊಂಡು, "ಎಷ್ಟಾತು?" ಎಂದು ಕೇಳಿದ್ದ. ಅವಳು ಹಿತ್ತಲಿಗೆ ಹೋಗಿ ನೋಡಿ ಬಂದು, "ಒಂಬತ್ತು ಸಾವಿರದ ಒಂಬೈನೂರ ಎಂಬತ್ತೆಂಟು" ಎಂದಳು. ಕೇಳಿಸಿಕೊಳ್ಳಲು ಅವನಿರಲಿಲ್ಲ.

ಈಗ ಎಂಟೂವರೆ. ಮೀಟರು ೯೯೯೨ ತೋರಿಸುತ್ತಿತ್ತು. ಸಂಜೆ ನಾಲ್ಕು ದಾಟುವವರೆಗೆ ಆ ಉರಿ ಉಳಿಯಬೇಕಿತ್ತು.

*

ಓಬಯ್ಯನ ಅಣ್ಣ ಚಿಕ್ಕತಿಮ್ಮಪ್ಪನಿಗೆ ಎಪ್ಪತ್ತೆಂಟು. ಹೊಳಲ್ಕೆರೆಯಿಂದ ಮೊದಲ ಬಸ್ಸಿಗೆ ಬಂದವನು ತಮ್ಮನ ಮುಖ ಒಮ್ಮೆ ನೋಡಿ, ಅಳದೆ, ಟವೆಲ್ ಕೊಡವಿ ಯಜಮಾನಿಕೆಗೆ ನಿಂತಿದ್ದ. ಗುಂಡಿ ಯಾರು ತೋಡುವುದು, ಯಲ್ಲದಕೆರೆಯ ನೆಂಟರಿಗೆ ಫೋನು ಮಾಡಿದ್ದು ಯಾರು, ಹೂವು ಎಲ್ಲಿ, ಎಲ್ಲ ಅವನದೇ. ಹೊಸದುರ್ಗದಲ್ಲಿ ಲಾರಿ ರಿಪೇರಿ ಮಾಡುವ ಓಬಯ್ಯನ ಮಗ ರಾಜಕುಮಾರ್ ದೊಡ್ಡಪ್ಪ ಹೇಳಿದ ಕಡೆಗೆಲ್ಲ ಬೊಂಬೆಯ ಹಾಗೆ ಓಡಾಡುತ್ತಿದ್ದ.

ಹತ್ತು ಗಂಟೆಗೆ ಊರಿನ ಕರೆಂಟು ಹೋಯಿತು. ಓಬಯ್ಯನ ಮನೆಯ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಅವನ ಹಣೆಯ ಮೇಲಿನ ವಿಭೂತಿಯ ಪುಡಿ ಆ ಗಾಳಿಗೆ ಮೂಗಿನ ಮೇಲೆ ಉದುರುತ್ತಿತ್ತು. ಹೊರಗೆ ಶಾಮಿಯಾನದಲ್ಲಿ ಬೆವರುತ್ತಿದ್ದವರು ಒಬ್ಬೊಬ್ಬರಾಗಿ ಹೆಣದ ಸುತ್ತ ಬಂದು ಕೂತರು.

"ಬದುಕಿದ್ದಾಗ ಯಾರೂ ಇಷ್ಟು ಹೊತ್ತು ಕುಂತಿರಲಿಲ್ಲ ಬಿಡ್ರಿ, ಓಬಯ್ಯನ ತಾವ" ಎಂದ ಎದುರು ಮನೆಯ ಗೊಲ್ಲಪ್ಪ. ನಗು ಬಂದವರು ನೆಲ ನೋಡಿದರು.

ಚಿಕ್ಕತಿಮ್ಮಪ್ಪ ತಲೆಯೆತ್ತಿ ಫ್ಯಾನು ನೋಡಿದ. ಆಮೇಲೆ ಕಿವಿಗೊಟ್ಟ. ಹಿತ್ತಲ ಕಡೆಯಿಂದ ಗುಂಯ್ ಎನ್ನುವ ಸದ್ದು. ಎದ್ದು ಸೀದಾ ತಗಡಿನ ಕೋಣೆಗೆ ಹೋದ. ಯಂತ್ರದ ಕೆಳಗಿನ ಕಿಂಡಿಯಲ್ಲಿ ನೀಲಿ ಉರಿ ಕಂಡಿತು.

"ಏಕಾಂತಮ್ಮ! ಬಾ ಇಲ್ಲಿ. ಸಾವಿನ ಮನೇಲಿ ಉರಿ ಇಟ್ಕಂಡೀರಲ್ಲ. ನೆರೆಯೋರು ಅಂಬಲಿ ಕಾಸ್ಕಂಡು ಬರ್ಲಿ ಅಂತ ನಿಮ್ಮ ಒಲೆಗೆ ನೀರು ಹಾಕ್ಸಿದ್ದು ಯಾತಕ್ಕೆ ನಾನು? ಆರ್ಸು ಇದನ್ನ."

"ಇದು ಒಲೆ ಅಲ್ಲ ಬಾವ."

"ಉರಿ ಉರಿನೇ. ಹೆಣ ಎತ್ತೋ ತನ್ಕ ಮನೆಯಾಗೆ ಉರಿ ಇರಬಾರ್ದು. ಹೋದ ಜೀವ ಹೊಸ್ತಿಲು ದಾಟಲ್ಲ, ಇಲ್ಲೇ ಸುತ್ತತೈತೆ."

ಏಕಾಂತಮ್ಮ ಭಾವನ ಎದುರು ತಲೆಯೆತ್ತಿ ಮಾತಾಡಿದವಳಲ್ಲ. ಮೂವತ್ತೆಂಟು ವರ್ಷದಲ್ಲಿ ಅವನ ಜೊತೆ ಆಡಿದ್ದೆಲ್ಲ ಸೇರಿಸಿದರೂ ಒಂದು ಗಂಟೆಯ ಮಾತಾಗಲಿಕ್ಕಿಲ್ಲ. ಈಗ ಅವಳು ಯಂತ್ರಕ್ಕೂ ಅವನಿಗೂ ನಡುವೆ ಬಂದು ನಿಂತಳು.

"ಒಲೆ ಹಚ್ಚಬಾರ್ದು ಅಂತ ಹಿರೇರು ಹೇಳ್ಯಾರೆ. ಹಚ್ಚಿರೋದನ್ನ ಆರ್ಸು ಅಂತ ಯಾರು ಹೇಳ್ಯಾರೆ ಬಾವ? ಇದನ್ನ ನಾನು ಹಚ್ಚಿಲ್ಲ. ಹಚ್ಚಿದೋರು ಪಡಸಾಲೆಯಾಗೆ ಕುಂತಾರೆ. ಅವರನ್ನ ಕೇಳಿ ಆರ್ಸ್ರಿ."

ಮುದುಕನ ದವಡೆ ಅಲುಗಿತು. ತಮ್ಮನ ಹೆಂಡತಿಗೆ ಬಾಯಿ ಇದೆ ಎನ್ನುವುದು ತಮ್ಮ ಸತ್ತ ದಿನವೇ ಅವನಿಗೆ ಗೊತ್ತಾಗಬೇಕಿತ್ತು. "ಏನಾರ ಮಾಡ್ಕಳ್ರಿ. ಅವನೂ ಹಿಂಗೇ, ಹೇಳಿದ ಮಾತು ಕೇಳ್ತಿರಲಿಲ್ಲ" ಎಂದು ಹೊರಗೆ ಹೋದ.

ಅವಳು ಬಗ್ಗಿ ಕಿಂಡಿಯೊಳಗಿನ ಉರಿ ನೋಡಿದಳು. ಭಾವನ ಎದುರು ಎದೆ ಸೆಟೆಸಿ ನಿಂತದ್ದಕ್ಕೆ ಕಾರಣ ಇಪ್ಪತ್ತು ಮನೆಯೂ ಅಲ್ಲ, ಸಂಸ್ಥೆಯೂ ಅಲ್ಲ. ಇದಕ್ಕಿಂತ ಮೊದಲಿನ ನಳಿಗೆಯನ್ನು ಕೊಂದವಳು ಅವಳೇ. ಅದು ಓಬಯ್ಯನನ್ನು ಬಿಟ್ಟು ಯಾರಿಗೂ ತಿಳಿಯದು ಎಂದು ಅವಳು ನಂಬಿದ್ದಳು. ಅವನಿಗೂ ಅವಳಾಗಿ ಬಾಯಿಬಿಟ್ಟು ಹೇಳಿರಲಿಲ್ಲ.

*

ಮೊದಲ ನಳಿಗೆ ಆರು ಸಾವಿರದ ಇನ್ನೂರ ಹನ್ನೆರಡು ಗಂಟೆ ನಡೆದಿತ್ತು.

ಆಗ ಓಬಯ್ಯ ಎದೆನೋವೆಂದು ಮಗನ ಜೊತೆ ದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೂರು ದಿನ ಇದ್ದ. ಮನೆಯಲ್ಲಿ ಅವಳೊಬ್ಬಳೇ. ಒಂದು ಹಸು ಮೇವು ಬಿಟ್ಟಿತ್ತು, ಸಗಣಿ ಕಮ್ಮಿ, ಡ್ರಮ್ಮು ಇಳಿಯುತ್ತಿತ್ತು. ಗೊಲ್ಲಪ್ಪನ ಕಣದಲ್ಲಿ ಮಳೆಗೆ ನೆನೆದು ಕೊಳೆತ ಈರುಳ್ಳಿಯ ರಾಶಿ ಇತ್ತು. ಅವನು ಹೇಗೂ ತಿಪ್ಪೆಗೆ ಎಸೆಯುವವನು. ಹಸಿದ ತೊಟ್ಟಿಗೆ ಯಾಕೆ ಹಾಕಬಾರದು ಎಂದು ಅವಳು ಎರಡು ಮೂಟೆ ಹೊತ್ತು ತಂದು, ಕಾಲಲ್ಲಿ ತುಳಿದು ಒಳಗೆ ಬಿಟ್ಟಳು. ಎರಡೇ ದಿನಕ್ಕೆ ಡ್ರಮ್ಮು ಎಂದೂ ಏರದಷ್ಟು ಎತ್ತರಕ್ಕೆ ಏರಿತು. ಗಂಡ ಬಂದು ನೋಡಿ ಏನನ್ನುತ್ತಾನೋ ಎಂದು ಅವಳಿಗೆ ಸಂಭ್ರಮ.

ಓಬಯ್ಯ ಬಂದವನು ಡ್ರಮ್ಮು ನೋಡಲಿಲ್ಲ. ಹಿತ್ತಲಲ್ಲಿ ನಿಂತು ಮೂಗರಳಿಸಿದ. ಆ ಸಂಜೆಗೇ ಪಡಸಾಲೆಯ ಬಲ್ಬು ಮಂಕಾಯಿತು, ಮಾರನೇ ದಿನ ಪೂರಾ ಹೋಯಿತು. ಈರುಳ್ಳಿಯ ಒಡಲಲ್ಲಿ ಅಷ್ಟು ಗಂಧಕ ಇರುತ್ತದೆಂದು ಹುಟ್ಟಿದಾಗಿನಿಂದ ಈರುಳ್ಳಿ ಹೆಚ್ಚುತ್ತ ಬಂದವಳಿಗೆ ಯಾರು ಹೇಳಿದ್ದರು?

ಅನುಪಮಾ ಬಂದು ನಳಿಗೆ ಬಿಚ್ಚಿದಳು. ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ ತಲೆಯಾಡಿಸಿದಳು. "ಏನು ಹಾಕಿದ್ರಿ ತೊಟ್ಟಿಗೆ?"

ಏಕಾಂತಮ್ಮ ಅಡಿಗೆಮನೆ ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದಳು. ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಓಬಯ್ಯನ ದನಿ ಬಂತು.

"ತೊಟ್ಟೀದೇನೂ ಇಲ್ಲ ಮೇಡಂ. ನಂದೇ ತಪ್ಪು. ತುಕ್ಕಿನ ಡಬ್ಬಿ ಬದಲ್ಸೋದು ಮರೆತು ದುರ್ಗಕ್ಕೆ ಹೋದೆ."

ಪುಸ್ತಕದಲ್ಲೂ ಹಾಗೇ ಬರೆದ. ಆ ವರ್ಷ ಸಂಸ್ಥೆಯ ಸಮಾರಂಭದಲ್ಲಿ ಶಾಲು ಹೊದಿಸುವವರ ಪಟ್ಟಿಯಿಂದ ಅವನ ಹೆಸರು ಬಿತ್ತು. ಅವನು ಇಸ್ತ್ರಿ ಮಾಡಿಸಿಟ್ಟಿದ್ದ ಬಿಳಿ ಅಂಗಿ ಬೀರುವಿನಲ್ಲೇ ಉಳಿಯಿತು. ಊರಿಗೆ ಬಂದಾಗಲೆಲ್ಲ ಚಿಕ್ಕತಿಮ್ಮಪ್ಪ ಸ್ಟೇಷನ್ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ, "ಮೂವತ್ತಾರು ವರ್ಷ ಸರ್ವೀಸು ಮಾಡ್ಯಾನೆ, ಒಂದು ಡಬ್ಬಿ ನೆನಪಿರಲ್ಲ ಇವನಿಗೆ" ಎಂದು ಆಡಿಕೊಳ್ಳುತ್ತಿದ್ದ. ಓಬಯ್ಯ ಎಲ್ಲರ ಜೊತೆ ತಾನೂ ನಗುತ್ತಿದ್ದ.

ಮನೆಯಲ್ಲಿ ಅವನು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹೊಸ ನಳಿಗೆ ಬಂದು ಮೀಟರು ಮತ್ತೆ ಸೊನ್ನೆಯಿಂದ ಶುರುವಾದ ಮಾರನೇ ದಿನ ಅವಳನ್ನು ತಗಡಿನ ಕೋಣೆಗೆ ಕರೆದು, ಮೀಟರು ಓದುವುದು, ತುಕ್ಕು ತುಂಬುವುದು, ಹಬೆಯ ನೀರು ಸೋಸುವುದು, ಒಂದೊಂದೇ ಕಲಿಸಿದ. ತಪ್ಪು ಮಾಡಿದವಳಿಗೆ ಶಿಕ್ಷೆ ಇದು ಎಂದುಕೊಂಡೇ ಅವಳು ಕಲಿತಳು.

*

ಅನುಪಮಾ ಬಂದಾಗ ಒಂದು ಗಂಟೆ ದಾಟಿತ್ತು. ಹಾರ ಹಾಕಿ, ಕಾಲು ಮುಟ್ಟಿ, ಸ್ವಲ್ಪ ಹೊತ್ತು ನೆಲದ ಮೇಲೆ ಕೂತು, ಆಮೇಲೆ ಏಕಾಂತಮ್ಮನನ್ನು ಹುಡುಕುತ್ತ ಹಿತ್ತಲಿಗೆ ಬಂದಳು. ಉರಿ ಇನ್ನೂ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಮ್ಮಾ... ನೀವು ಇವತ್ತೂ ನಡೆಸ್ತಾ ಇದೀರಾ? ಬೇಡಮ್ಮ. ನಿಧಾನಕ್ಕೆ ಆರಿಸೋದು ಹೆಂಗೆ ಅಂತ ನಾನು ಹೇಳ್ತೀನಿ. ಯಾರೂ ನಿಮ್ಮನ್ನ ಕೇಳಲ್ಲ."

"ಮೇಡಂ, ನಿಮಗೊಂದು ಮಾತು ಹೇಳ್ಬೇಕು." ಏಕಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಆವತ್ತು ಅವರು ಡಬ್ಬಿ ಮರೆತಿರಲಿಲ್ಲ. ನಾನು ಕೊಳೆತ ಈರುಳ್ಳಿ ಹಾಕಿದ್ದೆ. ಎರಡು ಮೂಟೆ. ತಪ್ಪೆಲ್ಲ ತನ್ನ ಮೈಮೇಲೆ ಹಾಕ್ಕಂಡ್ರು. ನಾನು ಬಾಯಿ ಬಿಡ್ಲಿಲ್ಲ. ಇವತ್ತು ಮಣ್ಣಿಗೆ ಹೋಗೋ ಮುಂಚೆನಾದ್ರೂ ಪುಸ್ತಕದಾಗೆ ಸರಿಯಾಗಿ ಬರ್ಕಳ್ರಿ."

ಅನುಪಮಾ ತುಕ್ಕಿನ ಡಬ್ಬಿಯ ಮೇಲೆ ಕೈಯಿಟ್ಟಳು.

"ನಂಗೆ ಗೊತ್ತಿತ್ತಮ್ಮ."

"ಏನಂದ್ರಿ?"

"ಅವತ್ತೇ ಡಬ್ಬಿ ತೆಗೆದು ನೋಡಿದ್ದೆ. ಹೊಸ ತುಕ್ಕು ತುಂಬಿದ ದಿನಾನ ಅವರು ಸೀಮೆಸುಣ್ಣದಲ್ಲಿ ಮೇಲೆ ಬರೆದಿದ್ರು. ದುರ್ಗಕ್ಕೆ ಹೊರಟ ದಿನಾನೇ ತುಂಬಿದ್ರು. ಕೆಂಪಗೆ ಇರಬೇಕಾದ ತುಕ್ಕು ನಾಲ್ಕು ದಿನಕ್ಕೆ ಇದ್ದಿಲ ಹಂಗೆ ಕರ್ರಗಾಗಿತ್ತು. ಕಾರು ಹತ್ರ ಬಂದಾಗ ಕೇಳಿದೆ, ಯಾಕೆ ಸುಳ್ಳು ಹೇಳಿದ್ರಿ ಅಂತ."

"ಏನಂದ್ರು ಅವರು?"

"ನಿಮ್ಮ ಹೆಸರು ಪುಸ್ತಕದಲ್ಲಿ ಬರೋದು ಬೇಡ ಅಂದ್ರು. 'ತಪ್ಪು ಅಂತ ಒಂದು ಸಲ ಬರೆದ್ರೆ ಅವಳು ಮತ್ತೆ ಈ ಕೋಣೆಗೆ ಕಾಲಿಡಲ್ಲ ಮೇಡಂ. ಡಾಕ್ಟ್ರು ನಂಗೆ ಹೇಳಿ ಕಳ್ಸ್ಯಾರೆ, ಜಾಸ್ತಿ ದಿನ ಇಲ್ಲ ಅಂತ. ನಾನು ಹೋದ್ಮೇಲೆ ನೋಡ್ಕಳ್ಳೋಳು ಅವಳೇ ಅಲ್ವಾ' ಅಂದ್ರು."

ಏಕಾಂತಮ್ಮ ಬೆಳಗಿನಿಂದ ಹಿಡಿದಿಟ್ಟಿದ್ದು ಆಗ ಕಟ್ಟೆಯೊಡೆಯಿತು. ಅವಳು ತುಕ್ಕಿನ ಡಬ್ಬಿಯನ್ನು ಅಪ್ಪಿಕೊಂಡು ಅತ್ತಳು. "ಒಂದು ಮಾತು ಹೇಳಬಾರದಿತ್ತಾ... ನಂಗೊಂದು ಮಾತು ಹೇಳಬಾರದಿತ್ತಾ" ಎಂದು ಅತ್ತಳು. ಪಡಸಾಲೆಯ ಹೆಂಗಸರು ಓಡಿ ಬಂದರು. ಸದ್ಯ ಅತ್ತಳಲ್ಲ ಎಂದು ನಾಗಕ್ಕ ನಿಟ್ಟುಸಿರು ಬಿಟ್ಟು ತಾನೂ ಅತ್ತಳು.

*

ಮೂರು ಗಂಟೆಗೆ ಹೆಣ ಎತ್ತುವುದೆಂದು ಗೊತ್ತಾಗಿತ್ತು. ಮೀಟರು ೯೯೯೮.

ಮಣ್ಣಿಗೆ ಹೆಂಗಸರೂ ಹೋಗುವ ಪದ್ಧತಿ ಅವರದು. ಆದರೆ ಕಿರಿಯರಿಗೆ ಹಿರಿಯರು ಮಣ್ಣು ಹಾಕುವ ಹಾಗಿಲ್ಲ. ಹಾಗಾಗಿ ಚಿಕ್ಕತಿಮ್ಮಪ್ಪ ಹೋಗುವಂತಿರಲಿಲ್ಲ. ಹೆಣವಿದ್ದ ಜಾಗದಲ್ಲಿ ಎಣ್ಣೆದೀಪ ಹಚ್ಚಿ, ಅದನ್ನು ಕಾದುಕೊಂಡು ಅವನೊಬ್ಬನೇ ಮನೆಯಲ್ಲಿ ಉಳಿಯಬೇಕು. ಬೆಳಗಿನಿಂದ ಎಲ್ಲರಿಗೂ ಕಟ್ಟಳೆ ಹೇಳಿದವನಿಗೆ ತನ್ನ ಕಟ್ಟಳೆ ಈಗ ನೆನಪಾಗಿ ಮುಖ ಸಣ್ಣದಾಗಿತ್ತು.

ಚಟ್ಟಕ್ಕೆ ಹೆಗಲು ಕೊಟ್ಟರು. ಏಕಾಂತಮ್ಮ ಹೊಸ್ತಿಲಲ್ಲಿ ನಿಂತುಬಿಟ್ಟಳು. ಮನೆಯವರೇ ನೋಡಬೇಕು, ನೋಡದೆ ಬರೆಯಬಾರದು. ಅನುಪಮಾ ಮನೆಯವಳಲ್ಲ. ತಾನು ನಿಂತರೆ ಗಂಡನಿಗೆ ಒಂದು ಹಿಡಿ ಮಣ್ಣಿಲ್ಲ. ಹೋದರೆ ಅವನ ಕೊನೆಯ ಅಂಕಿಗೆ ಸಾಕ್ಷಿಯಿಲ್ಲ. ಎರಡೂ ಅವಳಿಂದಾಗದು.

ಹಿಂದಿರುಗಿ ಭಾವನ ಹತ್ತಿರ ಬಂದಳು.

"ಬಾವ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಕೋಣೆಯಾಗೆ ಒಂದು ಮೀಟರೈತೆ. ಅದರ ಅಂಕಿಯ ನಾಲ್ಕೂ ಮನೆಗೆ ಒಂಬತ್ತು ಬರ್ತವೆ. ಆಮೇಲೆ ಏನು ಬರ್ತತೋ ನೀವು ಕಣ್ಣಾರೆ ನೋಡಿ ನಂಗೆ ಹೇಳ್ಬೇಕು. ನಿಮ್ಮ ತಮ್ಮಂದು ಅದೊಂದೇ ಬಾಕಿ."

"ಅದರ ಮಕ ನೋಡಲ್ಲ ನಾನು" ಎಂದ ಚಿಕ್ಕತಿಮ್ಮಪ್ಪ.

"ದೊಡ್ಡಮ್ಮಾ, ಹೋಗಾಣ ಬರ್ರಿ, ಹೊತ್ತಾತು" ಎಂದು ಯಾರೋ ಕೂಗಿದರು. ಡೊಳ್ಳು ಶುರುವಾಯಿತು. ಅವಳು ಅವನ ಮುಖವನ್ನೇ ಒಮ್ಮೆ ನೋಡಿ ಹೊರಟಳು.

ಹಳ್ಳದ ದಂಡೆಯ ಗುಂಡಿಯಲ್ಲಿ ಓಬಯ್ಯನನ್ನು ಇಳಿಸಿದರು. ರಾಜಕುಮಾರ್ ಮೊದಲ ಹಿಡಿ ಹಾಕಿದ, ಅವಳು ಎರಡನೆಯದು. ಅದಿರಿನ ಸೀಮೆಯ ಆ ಮಣ್ಣು ಡಬ್ಬಿಯ ಹೊಸ ತುಕ್ಕಿನ ಹಾಗೆ ಕೆಂಪಗಿತ್ತು, ಕೈಗೆ ಅದೇ ಬಣ್ಣ ಹತ್ತಿತು. ಪಕ್ಕದಲ್ಲಿ ನಿಂತಿದ್ದ ಅನುಪಮಾ ಗಡಿಯಾರ ನೋಡಿಕೊಂಡು, ಏನೂ ಹೇಳದೆ ಅವಳ ಭುಜ ಹಿಡಿದಳು. ನಾಲ್ಕೂಕಾಲಾಗಿತ್ತು.

ವಾಪಸು ಬಂದಾಗ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾಲು ತೊಳೆದು, ದೀಪ ನೋಡಿ, ಏಕಾಂತಮ್ಮ ಹಿತ್ತಲಿಗೆ ಹೋದಳು. ಗುಂಯ್ ಸದ್ದು ಇತ್ತು. ಅವಳ ಎದೆ ಹಗುರಾಯಿತು.

ತಗಡಿನ ಕೋಣೆಯಲ್ಲಿ ಚಿಕ್ಕತಿಮ್ಮಪ್ಪ ಓಬಯ್ಯನ ಮಣೆಯ ಮೇಲೆ ಕೂತಿದ್ದ. ಟವೆಲ್ಲಿನ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ ಮೀಟರಿನ ಗಾಜನ್ನು ತಿಕ್ಕುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದ. ಬೆಳಗಿನಿಂದ ಅಳದವನ ಮುಖವೆಲ್ಲ ಒದ್ದೆಯಾಗಿತ್ತು.

"ನಾನೇನೂ ಮುಟ್ಲಿಲ್ಲ ಕಣಮ್ಮ. ಓಬಯ್ಯನಾಣೆ. ನಾಲ್ಕು ಒಂಬತ್ತು ಬಂದ್ವು. ಕುಂತೇ ಇದ್ದೆ, ಕಣ್ಣು ಕೂಡ ಮಿಟುಕಿಸ್ಲಿಲ್ಲ. ಒಂದೇ ಸಲಕ್ಕೆ ಎಲ್ಲಾ ಹೋಗಿಬಿಡ್ತು." ಅವನು ಮಗುವಿನ ಹಾಗೆ ಬಿಕ್ಕಿದ. "ನೋಡು, ಎಲ್ಲಾ ಸೊನ್ನೆ. ನನ್ನ ತಮ್ಮ ಕೂಡಿಟ್ಟಿದ್ದೆಲ್ಲಾ ಸೊನ್ನೆ ಆತು. ಬೆಳಿಗ್ಗೆ ನಾನು ಆರ್ಸು ಅಂದೆನಲ್ಲ, ನನ್ನ ಬಾಯಿ ತಾಗ್ತು. ಎಷ್ಟು ಒರ್ಸಿದ್ರೂ ಬರವಲ್ವು."

"ಬಾವ, ಅದು ಹತ್ತು ಸಾವಿರ. ಮುಂದಿನ ಒಂದಕ್ಕೆ ಅದ್ರಾಗೆ ಜಾಗ ಇಲ್ಲ, ಅಷ್ಟೇ."

ಅವನು ಅವಳನ್ನೇ ನೋಡಿದ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದು ಅವನಿಗೆ ಅನಿಸಿದ ಹಾಗಿತ್ತು.

ಏಕಾಂತಮ್ಮ ಗೂಡಿನಿಂದ ಪುಸ್ತಕ ತೆಗೆದಳು. ನಿನ್ನೆ ಸಂಜೆಯ ಸಾಲು ಓಬಯ್ಯನ ಅಕ್ಷರದಲ್ಲಿತ್ತು. ಅದರ ಕೆಳಗೆ ಮೊದಲು ೧ ಬರೆದು, ಮೀಟರು ನೋಡಿ ನೋಡಿ ನಾಲ್ಕು ಸೊನ್ನೆ ಸುತ್ತಿದಳು. ನೋಡಿದವರು ಎಂಬಲ್ಲಿ ಚಿಕ್ಕತಿಮ್ಮಪ್ಪ ಎಂದು ಬರೆದಳು. ಕೊನೆಗೆ ಷರಾ ಕಾಲಮ್ಮಿಗೆ ಬಂದಳು. ಪುಟದ ತುಂಬ ಮೇಲಿಂದ ಕೆಳಗೆ ಅವನ ಕೈಯಲ್ಲಿ ಸರಿ ಐತೆ, ಸರಿ ಐತೆ, ಸರಿ ಐತೆ. ಪೆನ್ಸಿಲನ್ನು ಆ ಸಾಲಿನ ಖಾಲಿ ಮನೆಯ ಮೇಲೆ ಇಟ್ಟಳು, ಬರೆಯಲಾಗಲಿಲ್ಲ.

ಅವಳ ಹಿಂದೆ ಚಿಕ್ಕತಿಮ್ಮಪ್ಪ ಟವೆಲ್ಲಿನ ಇನ್ನೊಂದು ತುದಿ ಹಿಡಿದು ಮತ್ತೆ ಗಾಜು ಒರೆಸತೊಡಗಿದ್ದ.